ಗ್ಯಾನಪ್ಪನ ಕಣ್ಣು

ಮಸ್ಕಿ ದಾಟಿ, ಕಾಲುವೆಯ ಏರಿ ಹಿಡಿದು
ಮೂರು ಮೈಲಿ. ಬಂಡೆಗಳ ಸಂದಿಯಲ್ಲಿ
ಆಳೆತ್ತರವೂ ಇಲ್ಲದ ಗುಡಿ.
ನನ್ನ ಚೀಲದಲ್ಲಿ ಮೊದಲೆರಡು ಅಂಗುಲ ಹೋದ ಟೇಪು,
ಇಲಾಖೆಯ ಅಚ್ಚಾದ ನಮೂನೆ:
ಎತ್ತರ, ಅಗಲ, ಕಾಲ, ಪಂಥ.

ಗದ್ದೆಮ್ಮ ಹೊಸ್ತಿಲಲ್ಲಿ ಸಜ್ಜೆ ಕೇರುತ್ತಿದ್ದಳು.
'ಯಾವ ದೇವರಿದು?'
'ಗ್ಯಾನಪ್ಪ.'
'ಶಿವನೋ, ವಿಷ್ಣುವೋ?'
ಮೊರ ನಿಲ್ಲಲಿಲ್ಲ.
'ಗ್ಯಾನಪ್ಪ ಅಂದೆನಲ್ಲಾ.'

ಕಳೆದದ್ದನ್ನು ಗ್ಯಾನಕ್ಕೆ ತರುವವನು ಅವನು.
ಎಮ್ಮೆ ತಪ್ಪಿಸಿಕೊಂಡವರು,
ಟ್ರಂಕಿನ ಕೀಲಿ ಎಲ್ಲಿಟ್ಟೆನೋ ಎಂದು ಮನೆಯೆಲ್ಲ ತಡಕಿದವರು,
ಒಮ್ಮೆ, ಸೊಸೆಯ ಹೆಸರೇ ನಾಲಿಗೆಗೆ ಬಾರದ ಮುದುಕ,
ಯಾರೇ ಆಗಲಿ ಬಂದು ಸುಮ್ಮನೆ ಕೂರಬೇಕು.
ಕಾಯಿ ಬೇಡ. ಗಂಟೆ ಇಲ್ಲ.
ಉಸಿರು ಎಣಿಸಬೇಕು ನೂರರ ತನಕ,
ತಪ್ಪಿದರೆ ಮತ್ತೆ ಒಂದರಿಂದ.
'ಎಣಿಸೋದು ಯಾರು ಕಲಿಸಿದರು?'
'ನಮ್ಮತ್ತಿ.'
'ಅವರಿಗೆ?'
'ಅವರತ್ತಿ.'
ಅತ್ತೆಯರ ಆ ಸಾಲು ಎಲ್ಲಿಗೆ ಹೋಗಿ ಮುಟ್ಟುತ್ತದೋ
ನನ್ನ ಟೇಪಿಗೆ ಎಟುಕಲಿಲ್ಲ.

ಎಡಕ್ಕೆ, ಬಯಲಲ್ಲಿ, ಅವನ ಅಕ್ಕ ತಾರವ್ವ.
ಆಕೆಗೆ ಕುರಿ ಬೇಕು, ಸೆರೆ ಬೇಕು,
ಮೈಮೇಲೆ ಬಂದರೆ ಗೌಡನನ್ನೂ 'ಲೇ' ಅನ್ನುತ್ತಾಳೆ.
ಕುರಿ ಬೀಳುವ ಹೊತ್ತಿಗೆ ತಮ್ಮನ ಬಾಗಿಲಿಗೆ
ಹಳೇ ಇಳಕಲ್ ಸೀರೆ ಇಳಿಬಿಡುತ್ತಾರೆ.
'ನೆತ್ತರ ಕಂಡ್ರ ಆಗಂಗಿಲ್ಲ ಅವಗ,' ಗದ್ದೆಮ್ಮ ದನಿ ತಗ್ಗಿಸಿದಳು,
'ಸಣ್ಣಾಂವ ಇದ್ದಾಗಿಂದ ಹಂಗ.'
ಊಟಕ್ಕೆ ಹಟ ಮಾಡುವ ಮಗನ ವಿಷಯ
ನೆರೆಮನೆಯವಳಿಗೆ ಹೇಳಿಕೊಳ್ಳುವಂತೆ.

ಅಲ್ಲಿ ಮಸ್ಕಿಯ ಬಂಡೆಯ ಮೇಲೆ
ಬೆರೆಯದಿದ್ದ ದೇವರು ಬೆರೆತರು ಎಂದು
ರಾಜನೊಬ್ಬ ಕೊರೆಸಿದ್ದಾನೆ.
ಯಾರೊಡನೆ ಯಾರು ಎಂದು ಪಂಡಿತರ ಜಗಳ ಇನ್ನೂ ಮುಗಿದಿಲ್ಲ.
ಇಲ್ಲಿ, ಸೀರೆಯ ಈಚೆ ಎಸರು ಕುದಿಯುತ್ತದೆ,
ಆಚೆ ಒಬ್ಬ ಉಸಿರೆಳೆದು ಬಿಡುತ್ತಾನೆ.

ಎಷ್ಟೋ ವರ್ಷಕ್ಕೊಮ್ಮೆ ಎಣ್ಣೆ-ಸಿಂಧೂರದ ಹೆಪ್ಪು
ತಾನೇ ಕಳಚುತ್ತದಂತೆ, ಹಾವಿನ ಪೊರೆಯ ಹಾಗೆ.
ಆ ಅಮಾಸಿಯ ಬೆಳಗ್ಗೆ ಕಳಚಿತು. ಅಂಗೈ ದಪ್ಪ.
ಬೆಳ್ಳಿಕಣ್ಣು ಅದರೊಂದಿಗೇ ನೆಲಕ್ಕೆ ಬಿದ್ದವು.
ಒಳಗಿಂದ ಬಂದದ್ದು
ಬಸವನಹುಳುವಿನಂಥ ಗುಂಗುರು ಕೂದಲು,
ಜೋತ ಕಿವಿ,
ಮುಚ್ಚಿಯೂ ಮುಚ್ಚದ ರೆಪ್ಪೆ.
ಹೆಸರು ನನ್ನ ನಾಲಿಗೆಯ ತುದಿಗೆ ಬಂತು.
'ಅಮ್ಮಾ, ಇವನು...'
'ಗೊತ್ತೈತಿ. ನೀಲಿ ಬಾವುಟದ ಹುಡುಗ್ರು ಬಂದು ಹೇಳ್ಯಾರ,
ಮೇಣದಬತ್ತಿ ಹಚ್ಚಿ ಹೋಗ್ಯಾರ. ಅದೂ ಖರೇನ.'

ಗೂಡಿನಿಂದ ಆ ಬತ್ತಿಗಳ ಮೋಟು ತೆಗೆದಳು,
ಹಣತೆಗೆ ಹಿಡಿದು ಕರಗಿಸಿದಳು,
ಆ ಮೇಣದಲ್ಲೇ ಬೆಳ್ಳಿಕಣ್ಣು ಮತ್ತೆ ಅಂಟಿಸಿದಳು,
ಒಂದು ಸ್ವಲ್ಪ ಸೊಟ್ಟ.
'ಅವನವು ಒಳಗ ನೋಡ್ತಾವು.
ನಮ್ಮ ಎಮ್ಮಿ ಹುಡುಕಾಕ ಹೊರಗೂ ಎರಡು ಬೇಕಲ್ಲ, ತಮ್ಮಾ.'

ಪಂಥದ ಕಾಲಮ್ಮಿನಲ್ಲಿ ಗ್ಯಾನಪ್ಪ ಎಂದು ಬರೆದೆ.
ತಿಂಗಳ ಮೇಲೆ ಕಚೇರಿ ಅದನ್ನು ವಾಪಸು ಕಳಿಸಿತು,
ಕಾಗುಣಿತ ತಪ್ಪು ಎಂದು ಕೆಂಪು ಶಾಯಿಯಲ್ಲಿ.
ಅದಿರಲಿ.
ಅವತ್ತು ಬಿಸಿಲು ಇಳಿಯಲಿ ಎಂದು ಕೂತವನು
ಕೆಲಸವಿಲ್ಲದೆ ಎಣಿಸತೊಡಗಿದೆ.
ಹನ್ನೊಂದಕ್ಕೆ ತಪ್ಪಿತು. ಮತ್ತೆ ಒಂದು.
ಇಪ್ಪತ್ತಾರಕ್ಕೆ ತಾರವ್ವನ ಕಡೆಯಿಂದ ಒಗ್ಗರಣೆಯ ವಾಸನೆ. ಮತ್ತೆ ಒಂದು.
ನಲವತ್ತಮೂರಕ್ಕೆ, ಕೇಳದೆಯೇ, ಗ್ಯಾನಕ್ಕೆ ಬಂತು
ಟೇಪಿನ ಆ ಎರಡಂಗುಲ ಎಲ್ಲಿ ಹೋಯಿತೆಂದು:
ಮಗಳು ಕತ್ತರಿಸಿದ್ದಳು,
ಗೊಂಬೆಯ ನಡುಪಟ್ಟಿಗೆ.