ಹಿಂದೆ ಬರ್ತಾ ಅದ್ಯಾ?

ಶಿರವಾಡದ ಶೆಡ್ಡಿನಲ್ಲಿ ಸಾಂತಾನ್ ಬೆಸೆದು ಕೊಟ್ಟ ಮನೆ ಇದು:
ಎರಡು ಚಕ್ರ, ನಾಲ್ಕು ಮಂಚ, ಮಡಚುವ ಮೇಜು,
ಕಿಟಕಿಗೆ ನನ್ನ ಹಳೇ ಸೀರೆಯ ಪರದೆ.
ಬಿಳಿ ಬಣ್ಣ ಸಾಲದೆ ಹೋದಾಗ ಅವನು
ಯಾರದೋ ದೋಣಿಗೆ ತಂದಿಟ್ಟ ನೀಲಿ ಬಳಿದುಬಿಟ್ಟ.
ಹಾಗಾಗಿ ಎಡದಿಂದ ನೋಡಿದರೆ ಮನೆ,
ಬಲದಿಂದ ನೋಡಿದರೆ ದೋಣಿ.

ಎಳೆಯುವುದು ಫಾರ್ಚೂನರ್,
ಗೋವಾದ ಹೋಟೆಲಿನವನಿಂದ ಮೂರನೇ ಕೈಗೆ ಬಂದದ್ದು,
ಒಳಗಿನ್ನೂ ಅವನ ಊದುಬತ್ತಿಯ ವಾಸನೆ.
ಓಡಿಸುವವಳು ನಾನು.
ನನ್ನ ಗಂಡ ಹಮ್ಮಣ್ಣ ಹಿಂದಿನ ಸೀಟಿನಲ್ಲಿ
ಮೂಗಿಗೆ ಲಿಂಬೆ ಹಿಡಿದು ಕಣ್ಣು ಮುಚ್ಚಿದ್ದಾನೆ,
ಅಮದಳ್ಳಿ ದಾಟುವ ಮೊದಲೇ.

ಹೊರಡುವ ಮುನ್ನ ಅಪ್ಪ
ಐಸ್ ಫ್ಯಾಕ್ಟರಿಯಿಂದ ತೂಕದ ಯಂತ್ರ ತಂದು
ಟ್ರೇಲರಿನ ಮೂತಿಯನ್ನು ಅದರ ಮೇಲೆ ಕೂರಿಸಿದ್ದ.
'ಇಲ್ಲಿ ನೂರು ಕಿಲೊ ಭಾರ ಬೇಕು.
ಕಮ್ಮಿಯಾದರೆ ಬಾಲ ಆಡಿಸ್ತದೆ.'
ಮುಳ್ಳು ತೋರಿಸಿದ್ದು ಎಪ್ಪತ್ತೆರಡು.
ಅವ್ವಿ ಹಿಂಭಾಗದಲ್ಲಿ ತುಂಬಿದ್ದೆಲ್ಲ ಹೊರಗೆ ಬಂತು:
ಕುಚ್ಚಲಕ್ಕಿ ಚೀಲ, ನೀರಿನ ಕ್ಯಾನು, ಇಪ್ಪತ್ತು ತೆಂಗಿನಕಾಯಿ,
ಈಳಿಗೆ ಮಣೆ.
'ಮೂರು ದಿನಕ್ಕೆ ಇಷ್ಟಾ?'
'ಮನೆ ಅಂದ್ರಲ್ಲ ನೀವು!'
ಒಂದೊಂದೇ ಮುಂದಕ್ಕೆ ಸರಿಸಿ, ನೂರಾಎರಡಕ್ಕೆ ತಂದು,
ಸರಪಳಿಗಳನ್ನು ಅಡ್ಡಡ್ಡ ಹಾಯಿಸಿ ಕೊಕ್ಕೆಗೆ ಸಿಕ್ಕಿಸಿದ,
ಮಗುವಿಗೆ ಗೆಜ್ಜೆ ಕಟ್ಟುವವನ ಹಾಗೆ ಕುಕ್ಕರಗಾಲಲ್ಲಿ ಕೂತು.

ಅವ್ವಿ ನನ್ನ ಪಕ್ಕ.
ಪ್ರತಿ ತಿರುವಿಗೂ, ಪ್ರತಿ ಉಬ್ಬಿಗೂ ಒಂದೇ ಮಾತು:
'ಹಿಂದೆ ಬರ್ತಾ ಅದ್ಯಾ?'
'ಬರ್ತಾ ಅದೆ ಅವ್ವಿ.'

ಅವರ್ಸಾದಲ್ಲಿ ಚಾ ಅಂಗಡಿ ಈಗಿಲ್ಲ,
ನಾಲ್ಕು ಪಥದ ರಸ್ತೆ ಅದನ್ನು ನುಂಗಿದೆ.
ಅದರ ಕಟ್ಟೆಯ ಮೇಲೆ ಇವಳು ನಿಲ್ಲುತ್ತಿದ್ದಳು,
ಅದಿರು ಲಾರಿಗಳು ಅರಬೈಲು ಘಟ್ಟ ಇಳಿದು
ಬಂದರಿನ ಕಡೆ ಸಾಲುಗಟ್ಟುವ ರಾತ್ರಿ,
ಸೊಂಟದಲ್ಲಿ ನಾನು.
ಗಂಡನ ಹೆಸರು ಬಾಯಲ್ಲಿ ಬರಬಾರದು;
ನಿಂತ ಲಾರಿಯ ಬಾಗಿಲು ತಟ್ಟಿ ಕೇಳುವಳು:
'ಹಸಿರು ಮೂತಿಯದು ಹಿಂದೆ ಬರ್ತಾ ಅದ್ಯಾ?'
ಬರುತ್ತಿತ್ತು. ಒಮ್ಮೊಮ್ಮೆ ಬೆಳಗಾಗುತ್ತಿತ್ತು.
ಅಪ್ಪನ ಬನಿಯನ್ ಏಳು ನೀರಲ್ಲಿ ಜಾಲಿಸಿದರೂ
ಎಂಟನೇ ನೀರು ಕೆಂಪು.

ಹೊನ್ನಾವರದ ಸೇತುವೆಯ ನಡುವೆ
ಕಡಲ ಕಡೆಯಿಂದ ಬಂದ ಗಾಳಿ
ಬೆನ್ನ ಹಿಂದಿನ ಮನೆಯನ್ನು ಮೆಲ್ಲಗೆ ದೂಡಿತು.
ಮತ್ತೊಮ್ಮೆ. ಮತ್ತೆ, ಈ ಸಲ ಮೆಲ್ಲಗಲ್ಲ.
ಸ್ಟೇರಿಂಗ್ ಅಂಗೈಯಲ್ಲಿ ಜೀವಂತ ಮೀನು.
ಕಾಲು ತಾನಾಗಿ ಬ್ರೇಕಿಗೆ ಹೊರಟಿತು.
'ಮುಟ್ಟಬೇಡ,' ಹಿಂದಿನಿಂದ ಅಪ್ಪ, ಸ್ವರ ಏರಿಸದೆ.
'ಆಕ್ಸಿಲರೇಟರಿಂದ ಕಾಲು ತೆಗಿ. ನೆಟ್ಟಗೆ ಹಿಡಿ.
ಸಿಟ್ಟು ಅದರದ್ದು, ನೀನ್ಯಾಕೆ ತಗೊಳ್ತಿ?'
ಐವತ್ತು. ನಲವತ್ತು.
ಶರಾವತಿ ಎಷ್ಟು ಅಗಲ ಅಂತ ಅಂದೇ ಗೊತ್ತಾದದ್ದು.

ಕಾಸರಕೋಡಿನ ಗಾಳಿಮರಗಳ ಕೆಳಗೆ
ಹಿಮ್ಮುಖ ಹೋಗುವ ಪಾಠ.
ಅದು ಬಲಕ್ಕೆ ಹೋಗಬೇಕಾದರೆ ನೀನು ಎಡಕ್ಕೆ ತಿರುಗಿಸು.
ಅದು ಕೇಳದಿದ್ದರೆ ಮುಂದೆ ಬಾ, ನಾಚಿಕೆ ಬೇಡ,
ಮತ್ತೆ ಶುರು ಮಾಡು.
'ಕನ್ನಡೀಲಿ ನಾ ಕಾಣದಿದ್ರೆ ನಿಂತುಬಿಡು.'
ಇಷ್ಟು ಹೇಳಿ ಅಪ್ಪ ಇಳಿದು ಹಿಂದೆ ಹೋದ.

ಮೂರು ಸಲ ಮಡಚಿಕೊಂಡಿತು.
ನಾಲ್ಕನೇ ಸಲ ನೆಟ್ಟಗೆ, ಬೆಣ್ಣೆಯಂತೆ ಹೋಗುತ್ತಿರುವಾಗ
ಬಲಗನ್ನಡಿಯಲ್ಲಿದ್ದ ಅಪ್ಪನ ಕೈ ಇಲ್ಲ.
ಎಡಗನ್ನಡಿಯಲ್ಲಿ ಮರ, ಮರಳು.
ನಿಂತೆ. ಇಂಜಿನ್ ಆರಿಸಿದೆ.

ಅವ್ವಿ ಹಿಂದಿನ ಗಾಜಿಗೆ ತಿರುಗಿದಳು.
ಅಲ್ಲಿ ಬಿಳಿ-ನೀಲಿ ಗೋಡೆ, ಬೇರೇನಿಲ್ಲ.
ಅವಳು ಕೇಳುವ ಪ್ರಶ್ನೆಗೆ ನಾನು ಕಾದೆ.
ಅವಳು ಬಾಗಿಲು ತೆರೆದು,
ಅರವತ್ತೆಂಟು ವರ್ಷದ ಗಂಟಲು ಸೀಳುವ ಹಾಗೆ ಕೂಗಿದಳು:
'ಬೊಮ್ಮಯ್ಯಾ!'

ಹಮ್ಮಣ್ಣ ಕಣ್ಣು ಬಿಟ್ಟು, 'ಬಂತಾ?' ಅಂದ.

ಮರಗಳ ಹಿಂದಿನಿಂದ ಅಪ್ಪ ಬಂದ,
ಚಕ್ರಕ್ಕೆ ಅಡ್ಡ ಕೊಡಲು ಕಂಕುಳಲ್ಲಿ ಎರಡು ಚಿರೇಕಲ್ಲು.
'ಯಾರು ಕರೆದದ್ದು?'

ಅವ್ವಿ ಆಗಲೇ ಇಳಿದು ಟ್ರೇಲರಿನೊಳಗೆ
ಈಳಿಗೆ ಮಣೆ ಹುಡುಕುತ್ತಿದ್ದಳು,
ಅದನ್ನು ಮುಂದೆ ಸರಿಸಿದವರನ್ನು ಬೈಯುತ್ತ.