ಹದಿನೇಳನೆಯ ಪುಟ

ಹಾಪ್ಸಾಲು ಊರಿಗೆ ಬಿಸಿನೀರು ಹಂಚುವ ಸ್ಥಾವರಕ್ಕೆ
ಹೊಸ ತಂತ್ರಾಂಶ. ಅದರ ಕೈಪಿಡಿ ನನ್ನ ಮೇಜಿನ ಮೇಲೆ,
ನೂರ ಹನ್ನೆರಡು ಪುಟ. ಬರೆದವಳು ಪಿಲ್ಲೆ,
ಒಳ್ಳೆಯ ಹುಡುಗಿ, ಮಾತು ಜಾಸ್ತಿ.

'ಬಳಕೆದಾರರು ದಯವಿಟ್ಟು ಗಮನಿಸಬೇಕಾದ ಸಂಗತಿಯೇನೆಂದರೆ'
ಹೊಡೆದೆ.
ಗಮನಿಸಲೆಂದೇ ತಾನೆ ಪುಟ ತೆರೆದಿದ್ದು ಪುಣ್ಯಾತ್ಮ.
'ಗುಂಡಿಯನ್ನು ಒತ್ತುವ ಕ್ರಿಯೆಯನ್ನು ನೆರವೇರಿಸಿ'
ಗುಂಡಿ ಒತ್ತಿ.
'ಯಂತ್ರವು ಪುನರಾರಂಭಗೊಳ್ಳಲಿರುವುದು'
ನಮ್ಮ ಎಸ್ಟೋನಿಯನ್ನಿಗೆ ಭವಿಷ್ಯತ್ಕಾಲವೇ ಇಲ್ಲ.
ಈಗ ಆಗುತ್ತದೆ, ನಾಳೆಯೂ ಆಗುತ್ತದೆ,
ಒಂದೇ ಕ್ರಿಯಾಪದ, ಸಾಕು.
ಎಲ್ಲಿಂದ ಅಂಟಿಸಿಕೊಂಡು ಬಂದಳೋ ಈ ಬಾಲ!

'ಸುಲಭವಾಗಿ' ಎಂಬುದನ್ನು ಮಾತ್ರ ಸಿಟ್ಟಿನಿಂದಲೇ ಹೊಡೆದೆ,
ಹನ್ನೊಂದು ಕಡೆ.
ಯಾರಿಗೆ ಸುಲಭ?
ರಾತ್ರಿ ಪಾಳಿಯ ಕಾಲ್ಯುವಿಗೆ ಅರವತ್ತೊಂದು.
ಕೊಳವೆಗೆ ಕಿವಿಯಿಟ್ಟು ಒತ್ತಡ ಎಷ್ಟೆಂದು ಹೇಳುತ್ತಿದ್ದವನು.
ಅವನ ತೋರುಬೆರಳು ಸುಟ್ಟು ಸುಟ್ಟು ದಪ್ಪಗಟ್ಟಿ
ಗಾಜಿಗೆ ಅದು ಬೆರಳೆಂದೇ ತಿಳಿಯುವುದಿಲ್ಲ,
ಕಿರುಬೆರಳಿನಲ್ಲಿ ಒತ್ತುತ್ತಾನೆ.
ಸುಲಭವಾದದ್ದು ಆಗದೆ ಹೋದರೆ
ಮನುಷ್ಯ ಯಂತ್ರವನ್ನು ಬೈಯುವುದಿಲ್ಲ, ತನ್ನನ್ನೇ.

ಹದಿನೇಳನೆಯ ಪುಟ:
'ನಾಲ್ಕು ನಿಮಿಷ ಪರದೆ ಕಪ್ಪಾಗಿರುತ್ತದೆ. ಹೆದರಬೇಡಿ.'

ಹೆದರಬೇಡಿ?
ಇದು ಕೈಪಿಡಿ, ತೊಟ್ಟಿಲಲ್ಲ.
ಹೊಡೆದೆ.

ಪಿಲ್ಲೆ ಕಾಫಿ ತಂದಳು, ಕೆಂಪು ಗೀಟುಗಳನ್ನು ನೋಡಿದಳು.
ಉಳಿದದ್ದಕ್ಕೆಲ್ಲ ನಕ್ಕಳು. ಆ ಗೀಟಿನ ಮೇಲೆ ಬೆರಳಿಟ್ಟು
'ಟೋಪಿ ತೆಗೆದುಬಿಟ್ಟ' ಎಂದಳು.
ಯಾರು?
'ಕಾಲ್ಯು. ಜನವರಿಯಲ್ಲಿ, ಪರೀಕ್ಷೆಯ ರಾತ್ರಿ, ನಾನಿದ್ದೆ.
ಹೊರಗೆ ಮೈನಸ್ ಇಪ್ಪತ್ತೆರಡು.
ಪರದೆ ಕಪ್ಪಾಯಿತು. ಎದ್ದು ನಿಂತ.
ಟೋಪಿ ತೆಗೆದು ಎದೆಗೆ ಹಿಡಿದ.'

ಇಷ್ಟು ಚಿಕ್ಕ ಮಾತು ಅವಳು ಆಡಿದ್ದು ನಾನು ಕೇಳಿರಲಿಲ್ಲ.
ಒಂದಕ್ಷರ ತೆಗೆಯುವಂತಿರಲಿಲ್ಲ.

ಕಿಟಕಿಯಾಚೆ ಹೆಪ್ಪುಗಟ್ಟಿದ ಕೊಲ್ಲಿ,
ಅಂಚಿನ ಮನೆಗಳ ಚಾವಣಿಯಿಂದ ಹನಿಯುವ ನೀರು,
ಕೆಳಗೆ ಯಾರೋ ಬೆಚ್ಚಗಿದ್ದಾರೆಂಬುದಕ್ಕೆ ಸಾಕ್ಷಿ.
ಪೆನ್ನು ಬಹಳ ಹೊತ್ತು ಗಾಳಿಯಲ್ಲೇ ಇತ್ತು.
ಹೆದರಬೇಡ ಎಂದವರ ಮಾತು ಕೇಳಿ
ಹೆದರಿಕೆ ಬಿಟ್ಟವರು ಯಾರಿದ್ದಾರೆ?
ಅವನಿಗೆ ಬೇಕಾದದ್ದು ಸುದ್ದಿ.

ಬರೆದೆ:
'ನಾಲ್ಕು ನಿಮಿಷ ಪರದೆ ಕಪ್ಪಾಗಿರುತ್ತದೆ.
ಬಿಸಿನೀರು ಹರಿಯುತ್ತಲೇ ಇರುತ್ತದೆ.'

'ಒಂದು ಪದ ಹೊಡೆದು ಮೂರು ಹಾಕಿದಿರಿ' ಎಂದಳು ಪಿಲ್ಲೆ,
ಎಣಿಸುವುದರಲ್ಲಿ ಚುರುಕು.
ಹೌದು, ಹಾಕಿದೆ. ಕಾಫಿ ಆರಿಹೋಗಿತ್ತು.

ಹದಿನೆಂಟನೆಯ ಪುಟ.
'ಬಳಕೆದಾರರು ದಯವಿಟ್ಟು ಗಮನಿಸಬೇಕಾದ'