ಮೊಳದುದ್ದ ಹಸಿರು

ಫ್ರಿಜ್ಜಿನ ಬಾಗಿಲಿಗೊಂದು ಜೊತೆ ಹವಾಯಿ ಚಪ್ಪಲಿ,
ವಾಷಿಂಗ್ ಮಷೀನಿನ ಮುಂದೆ ಊಟದ ಮಣೆ.
ಮತ್ತೀಕೆರೆಯ ಈ ಮನೆಯಲ್ಲಿ
ದೇವರಿಗೆ ಬರಿಗಾಲು, ಅಡುಗೆಮನೆಗೆ ರಬ್ಬರು.
“ಜುಮ್ ಅನ್ನತ್ತೆ ಅಷ್ಟೇ, ಏನೂ ಮಾಡಲ್ಲ”
ಎಂದರು ಸರ್ವಮಂಗಳಮ್ಮ,
ಸಾಕಿದ ನಾಯಿಯ ಬಗ್ಗೆ ಹೇಳುವ ಹಾಗೆ.
“ಮೊಮ್ಮಗು ಅಂಬೆಗಾಲಿಡ್ತಿದೆ, ಅದಕ್ಕೇ ಕರೆಸಿದೆ.”

ಸಾಕೆಟ್ಟಿನ ತೂತಿಗೆ ಮೀಟರಿನ ಮೂತಿ ಇಟ್ಟೆ.
ಫೇಸಿಗೂ ನ್ಯೂಟ್ರಲ್ಲಿಗೂ ಇನ್ನೂರ ಇಪ್ಪತ್ತೆಂಟು. ಸರಿ.
ಫೇಸಿಗೂ ಅರ್ತಿಗೂ ನೂರ ಮೂವತ್ತೊಂದು.
ನ್ಯೂಟ್ರಲ್ಲಿಗೂ ಅರ್ತಿಗೂ ತೊಂಬತ್ತಾರು.
“ಅಣ್ಣಾ, ಅರ್ಧಂಬರ್ಧ ಅರ್ತ್ ಬರ್ತಿದೆ” ಅಂದ ಸಮೀವುಲ್ಲ.
ಅರ್ತಿಗೂ ಅರ್ಥಕ್ಕೂ ಅವನ ಬಾಯಲ್ಲಿ ಒಂದೇ ಉಚ್ಚಾರ.
ನನಗೆ ಎರಡೂ ಸಿಕ್ಕಿರಲಿಲ್ಲ.

ಗುಂಡಿ ಒಣಗಿರಬೇಕು ಅಂದುಕೊಂಡು
ಗೇಟಿನ ಬಳಿ ಕಾರಿನಡಿಯ ಟೈಲ್ಸ್ ಎಬ್ಬಿಸಿ
ಕೊಳವೆಗೆ ಎರಡು ಬಕೆಟ್ ನೀರು ಸುರಿದೆವು,
ಕಾವೇರಿ ನೀರು, ಬೈಸಿಕೊಂಡೇ.
ನೆಲ ಗಟಗಟ ಕುಡಿಯಿತು.
ಅಡುಗೆಮನೆಯ ಅಂಕಿ ಅಲ್ಲಾಡಲಿಲ್ಲ.

ಆಗ ನೆನಪಾದದ್ದು ಆರ್ಮುಗಂ ಮೇಸ್ತ್ರಿ.
“ನಂಬರ್ ಕೇಳಬೇಡ ತಂಬಿ, ಬಲ್ಬ್ ಕೇಳು.”
ಹೋಲ್ಡರಿನಲ್ಲಿ ನೂರು ವ್ಯಾಟಿನ ಬಲ್ಬು,
ಎರಡು ತುದಿ: ಒಂದು ಫೇಸಿಗೆ, ಒಂದು ಅರ್ತಿಗೆ.
ಮೇನ್ ಬೋರ್ಡಿನಲ್ಲಿ ಫಳ್ಳನೆ ಹತ್ತಿತು.
ಹಾಲಿನಲ್ಲಿ ಹತ್ತಿತು.
ಅಡುಗೆಮನೆಯಲ್ಲಿ
ಫಿಲಮೆಂಟು ಕೆಂಪಗೂ ಆಗಲಿಲ್ಲ.

ಮೀಟರಿಗೆ ಗಾಳಿಮಾತೂ ಕೇಳಿಸುತ್ತದೆ, ಹುಡುಗಾ.
ಒಂದೇ ಪೈಪಿನಲ್ಲಿ ಮೈಗೆ ಮೈ ತಾಗಿ ಮಲಗಿದ ವೈರುಗಳು
ಮುಟ್ಟದೆಯೂ ಒಂದರ ಪಿಸುಮಾತು ಇನ್ನೊಂದಕ್ಕೆ ದಾಟಿಸುತ್ತವೆ.
ಅದು ನೂರ ಮೂವತ್ತೊಂದು ಅಲ್ಲ.
ಅದು ಏನೂ ಅಲ್ಲ.

ಮೇನ್ ಇಳಿಸಿ ಸಾಕೆಟ್ ಬಿಚ್ಚಿದೆ.
ಹಸಿರು ವೈರು ಸ್ಕ್ರೂವಿನಡಿ ಬಿಗಿಯಾಗಿ, ಲಕ್ಷಣವಾಗಿ ಇತ್ತು.
ಎಳೆದೆ.
ತಕರಾರಿಲ್ಲದೆ ಬಂತು,
ಒಂದು ಮೊಳ, ಮಲ್ಲಿಗೆ ಅಳೆದು ಕೊಟ್ಟ ಹಾಗೆ.
ಅಲ್ಲಿಗೆ ಮುಗಿಯಿತು.
ತುದಿಗೆ ಕರಿ ಟೇಪು. ಕೊನೆಯ ಸುತ್ತನ್ನು ಮಡಿಚಿ
ಚಿಕ್ಕದೊಂದು ಕಿವಿ ಬಿಟ್ಟಿದ್ದರು,
ಮುಂದೆ ಬಿಚ್ಚುವ ಕೈಗೆ ಸುಲಭವಾಗಲೆಂದು.

ಸಮೀವುಲ್ಲ ಆ ಕಿವಿ ನೋಡಿದ.
ನನ್ನ ಕೈಯಲ್ಲಿದ್ದ ಟೇಪಿನ ಕಿವಿ ನೋಡಿದ.
ಏನೂ ಅನ್ನಲಿಲ್ಲ. ಒಳ್ಳೆಯ ಹುಡುಗ.

ನನಗೆ ಹದಿನೇಳು. ಗಾರೆ ಇನ್ನೂ ಹಸಿ,
ಬೀದಿಗೆ ಹೆಸರಿರಲಿಲ್ಲ, ಮನೆಗೆ ಮೇಲಿನ ಎರಡಂತಸ್ತಿರಲಿಲ್ಲ.
ಬೆಳಗಾದರೆ ಗೃಹಪ್ರವೇಶ. ಹಸಿರು ಸುರುಳಿ ಖಾಲಿ.
ಚಿಕ್ಕಪೇಟೆಗೆ ಹೋಗಿ ಬರಲು ಬಸ್ಸಿಲ್ಲ.
“ಒಂದು ಮೊಳ ತುರುಕಿ ಮುಚ್ಚು,
ನಾಳೆ ಬಂದು ಎಳೆಯೋಣ” ಅಂದರು ಮೇಸ್ತ್ರಿ.
ನಾಳೆ ಬಂದೆವು. ಎಲೆ ಹಾಕಿದ್ದರು.
ಒಬ್ಬಟ್ಟು ತಿಂದು, ಬಾಳೆಹಣ್ಣು ಜೇಬಿಗೆ ಹಾಕಿಕೊಂಡು
ಹಾಗೇ ಹೋದೆವು.

ಗುಂಡಿಗೆ ಇದ್ದಿಲ ಜೊತೆ ಉಪ್ಪು ಸುರಿದವನು ನಾನೇ.
ಆ ಮನೆಯ ಉಪ್ಪು ಉಂಡವನೂ.

ಹಾಲಿನ ಬೋರ್ಡಿನಿಂದ ಹನ್ನೊಂದು ಮೀಟರ್ ಎಳೆದೆವು,
ಸ್ಪ್ರಿಂಗು ಎರಡು ಬೆಂಡಿನಲ್ಲಿ ಸಿಕ್ಕಿಕೊಂಡು
ಮಧ್ಯಾಹ್ನ ಕಳೆಯಿತು. ಬಲ್ಬು ಹತ್ತಿತು.
ನ್ಯೂಟ್ರಲ್ಲಿಗೂ ಅರ್ತಿಗೂ: ಒಂದೂವರೆ.

“ಮಜೂರಿ ಹೇಳಲೇ ಇಲ್ವಲ್ಲಪ್ಪ?”
“ವೈರಿನ ದುಡ್ಡು ಸಾಕಮ್ಮ. ಹಳೇ ಬಾಕಿ ಇತ್ತು.”
“ನಮ್ಮದಾ?”
ಅಲ್ಲ ಅಂದೆ. ಬಿಡಿಸಿ ಹೇಳುವ ಧೈರ್ಯ ಅಷ್ಟಕ್ಕೇ ಮುಗಿಯಿತು.

ಮಜ್ಜಿಗೆ ತರಲು ಎದ್ದವರು
ಫ್ರಿಜ್ಜಿನ ಮುಂದೆ ನಿಂತು, ಕೆಳಗೆ ನೋಡದೆಯೇ,
ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡರು.

ಸ್ಕೂಟರಿನ ಹಿಂದೆ ಕೂತು ಸಮೀವುಲ್ಲ ಕೇಳಿದ:
“ಇನ್ನೆಷ್ಟು ಮನೆ, ಅಣ್ಣಾ?”
ಇವತ್ತಿನ ಲೆಕ್ಕ ಕೇಳಿದ್ದು ಅವನು.
ನಾನು ಗೋಕುಲ, ಜಾಲಹಳ್ಳಿ, ದೇವಸಂದ್ರ
ಎಂದು ಎಣಿಸುತ್ತ
ಹಸಿರು ಬಿದ್ದದ್ದೂ ಗೊತ್ತಾಗದೆ
ಸಿಗ್ನಲ್ಲಿನಲ್ಲೇ ನಿಂತಿದ್ದೆ.